ಹಡಗು ಆರಿಸಿದ ಆಟಿ

ಬಾಳೆಲೆಯ ಮೇಲೆ ಬಿಸಿ ಕುಚ್ಚಲಕ್ಕಿ ಅನ್ನ ಬಿದ್ದ ಕೂಡಲೇ ಒಂದು ವಾಸನೆ ಏಳುತ್ತದೆ. ಎಲೆಯ ಹಸಿರು ಸ್ವಲ್ಪ ಬೆಂದು ಕಪ್ಪಾಗುವ ವಾಸನೆ. ಕಳೆದ ಆದಿತ್ಯವಾರ ಮಕ್ಕಳಿಗೆ ಬಡಿಸುವಾಗ ಅದು ಮೂಗಿಗೆ ಹೊಡೆದು, ನಾನು ಸೌಟು ಹಿಡಿದುಕೊಂಡೇ ನಿಂತುಬಿಟ್ಟೆ.

"ಅಜ್ಜಿ, ಅನ್ನ ಹಾಕ್ಲಿಕ್ಕೆ ನಿಂತದ್ದಾ, ಫೋಟೋ ತೆಗೀಲಿಕ್ಕೆ ನಿಂತದ್ದಾ?" ಎಂದು ಮೊಮ್ಮಗಳ ಸ್ನೇಹಿತ ರಿಯಾಝ್ ಕೇಳಿದ.

ನಾಲ್ಕು ಮಕ್ಕಳು, ನಾಲ್ಕು ಎಲೆ. ಲೆಕ್ಕ ಸರಿ ಇತ್ತು. ನಮ್ಮ ಮನೆಯಲ್ಲಿ ಎಲೆಯ ಲೆಕ್ಕ ಸರಿಯಾದದ್ದು ಇತ್ತೀಚೆಗೆ. ಅದಕ್ಕೆ ಮೊದಲು, ನಾನು ಲಂಗ ಹಾಕುತ್ತಿದ್ದ ಕಾಲದಿಂದ, ಎಷ್ಟು ಜನ ಕೂತರೂ ಸಾಲಿನ ತುದಿಗೆ ಒಂದು ಎಲೆ ಹೆಚ್ಚು ಬೀಳುತ್ತಿತ್ತು. ಆ ಎಲೆ ಈಗ ಆಟಿ ತಿಂಗಳಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವ ಸಾಲಿಗೆ ಹೋಗಿದೆ. ಹೇಗೆ ಹೋಯಿತು ಎಂದು ಬರೆಯಲು ಕೂತಿದ್ದೇನೆ. ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಅಕ್ಷರ ವಾಲಾಡಿದರೆ ಸಹಿಸಿಕೊಳ್ಳಿ. ಸಂತೋಷವನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳಲು ಆಗುತ್ತಿಲ್ಲ. ಓದುವಾಗ ನಿಮ್ಮ ಮೈ ಜುಂ ಎನ್ನಬಹುದು. ಬರೆಯುವಾಗ ನನ್ನದೂ ಎನ್ನುತ್ತಿದೆ. ಆದರೂ ಇದು ಸಂತೋಷದ ಸಂಗತಿಯೇ.

ನಮ್ಮ ಮನೆ ಎರ್ಮಾಳಿನಲ್ಲಿ. ಅಂಗಳ ದಾಟಿದರೆ ರಸ್ತೆ, ರಸ್ತೆ ದಾಟಿದರೆ ಕಲ್ಲಿನ ತಡೆಗೋಡೆ, ಅದರಾಚೆ ಕಡಲು. ಆ ಕಡಲಿನ ಮೀನನ್ನು ತಲೆಯ ಮೇಲೆ ಹೊತ್ತು ಕಾಪುವಿನಲ್ಲೂ ಪಡುಬಿದ್ರಿಯಲ್ಲೂ ಮಾರಿ ಮಗಳನ್ನು ಸಾಕಿದವಳು ನಾನು. ಆದರೆ ಕಡಲಿನ ಮೇಲೆ ಹೋದವಳಲ್ಲ. ನಮ್ಮ ಮೊಗವೀರ ಹೆಂಗಸರು ದೋಣಿ ಹತ್ತುವ ಕ್ರಮ ಇಲ್ಲ. ಸಾಲದ್ದಕ್ಕೆ ನಮ್ಮ ಮನೆಗೆ ಬೇರೆಯೇ ಒಂದು ಕಟ್ಟು ಇತ್ತು. ಈ ಮನೆಯ ಹೊಟ್ಟೆಯಲ್ಲಿ ಹುಟ್ಟಿದ ಯಾರೂ, ಗಂಡಾಗಲಿ ಹೆಣ್ಣಾಗಲಿ, ಕಡಲಿಗೆ ಇಳಿಯಬಾರದು ಎಂದು ಅಮ್ಮ ಹೇಳಿ ಸತ್ತಿದ್ದಳು.

ಹೋದ ವರ್ಷದ ಆಟಿಯ ಮಾತು. ನಮ್ಮಲ್ಲಿ ಆಟಿ ಎಂದರೆ ಮಳೆ ಎಡೆಬಿಡದೆ ಹೊಡೆಯುವ, ಕಡಲು ಬಾಗಿಲು ಹಾಕಿಕೊಳ್ಳುವ ತಿಂಗಳು. ದೊಡ್ಡ ಬೋಟುಗಳೆಲ್ಲ ಮಲ್ಪೆಯಲ್ಲಿ ಒಂದಕ್ಕೊಂದು ಒರಗಿ ನಿಂತಿರುತ್ತವೆ. ನನ್ನ ಮಗಳು ವಸಂತಿ ಉಡುಪಿಯಲ್ಲಿ ಇರುವುದು. ಅವಳ ಮಗಳು ಧನ್ಯಾ ಮಣಿಪಾಲದಲ್ಲಿ ಕಲಿತು ಮುಗಿಸಿ, ಕೆಲಸದ ಕರೆ ಬರುವ ತನಕ ನನ್ನ ಹತ್ತಿರ ಬಂದು ಕೂತಿದ್ದಳು. ಅವಳ ಬೆನ್ನಿಗೇ ಅವಳ ಸ್ನೇಹಿತರು. ಉಚ್ಚಿಲದ ಬ್ಯಾರಿ ಹುಡುಗ ರಿಯಾಝ್, ಕಾರ್ಕಳದ ಜೈನರ ಹುಡುಗಿ ಸುಪ್ರೀತಾ, ಊರು ಪಡುಬಿದ್ರಿಯಾದರೂ ಮಣಿಪಾಲದಲ್ಲಿ ಕೆಲಸಕ್ಕೆ ಸೇರಿದ್ದ ನಿತೇಶ. ಪ್ರತಿ ಆದಿತ್ಯವಾರ ನಾಲ್ಕೂ ಜನ ನನ್ನ ಚಾವಡಿಯಲ್ಲಿ ಕಾಲು ಚಾಚಿ ಮೊಬೈಲು ತಿಕ್ಕುತ್ತಿದ್ದರು.

"ಅಜ್ಜಿ, ನಾವು ಕ್ರೂಸಿಗೆ ಹೋಗುವುದು," ಎಂದಳು ಧನ್ಯಾ.

"ಕ್ರೂಸಾ? ಇಗರ್ಜಿಯ ಎದುರು ಶಿಲುಬೆ ಇರ್ತದಲ್ಲ, ಅದಾ?"

ನಿತೇಶ ನಕ್ಕು ನೆಲಕ್ಕೆ ಬಿದ್ದ. ಆಮೇಲೆ ಮೊಬೈಲಿನಲ್ಲಿ ತೋರಿಸಿದ. ಮಾಳಿಗೆಯ ಮೇಲೆ ಮಾಳಿಗೆ, ಬಿಳಿ ಬಣ್ಣದ ಹಡಗು. ಮೇಲಿನ ಮಾಳಿಗೆಯಲ್ಲಿ ನೀಲಿ ನೀರಿನ ಕೊಳ.

"ಕಡಲಿಗೆ ಹೋಗಿ ಕೆರೆಯಲ್ಲಿ ಮೀಯುವುದಾ?" ಎಂದೆ.

"ಹಾಗೇ ಅಜ್ಜಿ. ತಿನ್ನುವುದು, ಮೀಯುವುದು, ಹಾಡು ಕೇಳುವುದು."

"ಮೀನು?"

"ಮೀನಿಗಲ್ಲ ಅಜ್ಜಿ. ಸುಮ್ಮನೆ ತಿರುಗಿ ಬರುವುದು," ಎಂದಳು ಧನ್ಯಾ.

ಅದೇ ಮಾತನ್ನು ಅದೇ ಚಾವಡಿಯಲ್ಲಿ ನಾನು ಒಮ್ಮೆ ಕೇಳಿದ್ದೆ. ಹೇಳಿದ್ದು ನನ್ನ ಅಣ್ಣ ಭೋಜ. ಆಗ ಅವನು ಧನ್ಯಾಳ ಪ್ರಾಯದವನು, ನಾನು ಶಾಲೆ ಬಿಟ್ಟು ಮನೆಯಲ್ಲಿದ್ದವಳು. ಅದೂ ಆಟಿಯೇ. ಮಳೆ ಬಿಟ್ಟ ಒಂದು ಬೆಳಿಗ್ಗೆ ಕಡಲು ಎಣ್ಣೆ ಸುರಿದ ಹಾಗೆ ಸಪಾಟಾಗಿತ್ತು. ಯಾರೂ ಇಲ್ಲದ ಕಡಲು ಹೇಗಿರುತ್ತದೆ ನೋಡಬೇಕೆಂದು ಭೋಜನೂ ಅವನ ಸ್ನೇಹಿತರೂ ಸಣ್ಣ ದೋಣಿ ಇಳಿಸಿದರು. ಅಮ್ಮ ಬೇಡ ಎಂದಳು. "ಮೀನಿಗಲ್ಲಮ್ಮ, ಸುಮ್ಮನೆ ತಿರುಗಿ ಬರ್ತೇವೆ," ಎಂದ. ಮಧ್ಯಾಹ್ನ ಅಮ್ಮ ಅವನ ಎಲೆ ಹಾಕಿಟ್ಟು ದಂಡೆಗೆ ಹೋದಳು. ನಾನು ಅವಳ ಸೆರಗು ಹಿಡಿದಿದ್ದೆ. ದೋಣಿ ದೂರದಲ್ಲಿ ಕಾಣುತ್ತಿತ್ತು. ಅವನ ಸ್ವರ ನೀರಿನ ಮೇಲೆ ಜಾರಿಕೊಂಡು ಬಂತು. "ಬರ್ಪೆ" ಎಂದ.

ತುಳು ಗೊತ್ತಿಲ್ಲದವರಿಗೆ ಈ ಶಬ್ದವನ್ನು ಬಿಡಿಸಿ ಹೇಳಬೇಕು. ಬಾಯಿ ಅಗಲ ಮಾಡಿ 'ಬರ್ಪೆ' ಎಂದರೆ 'ನಾನು ಬರುತ್ತೇನೆ' ಎಂದು. ಬಾಯಿ ಸಣ್ಣ ಮಾಡಿ 'ಬರ್ಪೆ' ಎಂದರೆ 'ಅವನು ಬರುತ್ತಾನೆ' ಎಂದು. ಬಾಯಲ್ಲಿ ಎರಡು ಶಬ್ದ. ಬರೆದರೆ ಒಂದೇ. ಅಣ್ಣ ಹೇಳಿದ್ದು ಬಾಯಿ ಅಗಲ ಮಾಡಿ. ನಾವಿಬ್ಬರೂ ಕೇಳಿದೆವು. ಆಮೇಲೆ ದೋಣಿ ಬಂತು. ಅದರಲ್ಲಿ ಅವನು ಇರಲಿಲ್ಲ. ಹೆಣವೂ ಸಿಗಲಿಲ್ಲ.

ಊರವರು ಬೊಜ್ಜ ಮಾಡಿ, ಉತ್ತರಕ್ರಿಯೆ ಮುಗಿಸಿ ಎಂದರು. "ಬರ್ಪೆ ಅಂದವನಿಗೆ ಎಂತದ ಬೊಜ್ಜ?" ಎಂದಳು ಅಮ್ಮ. ಸತ್ತವರ ಸಾಲಿನಲ್ಲಿ ಅವನಿಗೆ ಬಡಿಸಲಿಲ್ಲ. ಬದುಕಿದವರ ಸಾಲಿನ ತುದಿಗೆ ಎಲೆ ಹಾಕಿದಳು. ಯಾರಿಗೆ ಎಂದು ಕೇಳಿದವರಿಗೆ ಬಾಯಿ ಸಣ್ಣ ಮಾಡಿ "ಬರ್ಪೆ" ಎನ್ನುತ್ತಿದ್ದಳು. ಎಲ್ಲರೂ ಎದ್ದ ಮೇಲೆ ಆ ಎಲೆಯ ಅನ್ನವನ್ನು ಅವಳೇ ಉಣ್ಣುತ್ತಿದ್ದಳು. ಅವಳು ಹೋದ ಮೇಲೆ ನಾನು. ಆ ಎಲೆಯ ಅನ್ನ ಎಷ್ಟು ಬಿಸಿ ಬಡಿಸಿದರೂ ನಾನು ಕೂರುವಾಗ ತಣ್ಣಗಿರುತ್ತಿತ್ತು. ಬದಿಯ ಎಲೆಯದ್ದು ಹಬೆಯಾಡುತ್ತಿದ್ದರೂ ಅದು ತಣ್ಣಗೆ. ಅಭ್ಯಾಸವಾಗಿತ್ತು.

ಮಕ್ಕಳಿಗೆ ಇದೆಲ್ಲ ಗೊತ್ತಿರಲಿಲ್ಲ. ಅಜ್ಜಿಯ ಮರುಳು ಎಂದುಕೊಂಡಿದ್ದರು.

ಹಡಗು ಆರಿಸುವುದು ಹೆಣ್ಣು ನೋಡುವುದಕ್ಕಿಂತ ಕಷ್ಟವಾಯಿತು. ಎರಡು ಹಡಗು ಕಣಕ್ಕೆ ಬಂದವು. ಒಂದು ಮುಂಬಯಿಯಿಂದ ಗೋವಾಕ್ಕೆ ಹೋಗಿ ತಿರುಗಿ ಬರುವುದು. ಇನ್ನೊಂದು ಮುಂಬಯಿಯಿಂದ ಕೊಚ್ಚಿಗೆ ಇಳಿಯುವುದು. ನಿತೇಶನಿಗೆ ಗೋವಾದ್ದೇ ಆಗಬೇಕು, ಅದರಲ್ಲಿ ಕುಣಿತ ಹೆಚ್ಚಂತೆ. ಸುಪ್ರೀತಾ ಸೂರ್ಯ ಮುಳುಗಿದ ಮೇಲೆ ಉಣ್ಣುವವಳಲ್ಲ, ಆ ಹಡಗಿನಲ್ಲಿ ಸಂಜೆಗೇ ಅಡುಗೆ ತಯಾರಂತೆ.

"ಕೊಚ್ಚಿಯ ಹಡಗಿನಲ್ಲಿ ರಾತ್ರಿ ಎಂಟಕ್ಕೆ ಊಟ. ನಾನು ಹಸಿದು ಸಾಯುವುದಾ?" ಎಂದಳು ಅವಳು.

"ಸೂರ್ಯನಿಗೆ ಹೇಳುವಾ, ಸುಪ್ರೀತಾಳ ಊಟ ಆಗಲಿ, ಸ್ವಲ್ಪ ತಡಿ ಮಾರಾಯ ಅಂತ," ಎಂದ ರಿಯಾಝ್.

ಅವನಿಗೂ ಧನ್ಯಾಳಿಗೂ ಕೊಚ್ಚಿಯದ್ದೇ ಬೇಕು. ಇನ್ನು ಕೋಣೆಯ ಜಗಳ. ಕಿಟಕಿ ಇಲ್ಲದ್ದು ಸಸ್ತಾ, ಕಿಟಕಿ ಇದ್ದದ್ದು ತುಟ್ಟಿ.

"ಕಿಟಕಿ ಇಲ್ಲದ ಕೋಣೆಯಲ್ಲಿ ಮಲಗ್ಲಿಕ್ಕೆ ಕಡಲಿಗೆ ಯಾಕೆ ಹೋಗಬೇಕು?" ಎಂದ ರಿಯಾಝ್. "ನಮ್ಮ ಅಕ್ಕಿ ಗೋಡೌನು ಖಾಲಿ ಉಂಟು. ಬನ್ನಿ."

ನಾನು ಒಂದೇ ಪ್ರಶ್ನೆ ಕೇಳಿದೆ. ಕೇಳಬೇಕೆಂದು ಕೇಳಿದ್ದಲ್ಲ, ಬಾಯಿಗೆ ಬಂತು. "ಯಾವುದು ಎರ್ಮಾಳಿನ ಎದುರಿನಿಂದ ಹೋಗುವುದು?"

ಧನ್ಯಾ ಮೊಬೈಲಿನ ನಕ್ಷೆಯಲ್ಲಿ ಬೆರಳು ಎಳೆದಳು. "ಕೊಚ್ಚಿಯದ್ದು. ಆದರೆ ತುಂಬಾ ದೂರದಿಂದ ಅಜ್ಜಿ. ನೀವು ದಂಡೆಯಲ್ಲಿ ನಿಂತು ಟಾಟಾ ಮಾಡಿದರೆ ಕಾಣ್ಲಿಕ್ಕಿಲ್ಲ."

ಎರಡಕ್ಕೆ ಎರಡು. ಯಾರೂ ಬಗ್ಗಲಿಲ್ಲ. ಕೊನೆಗೆ ಗುಟ್ಟಿನ ಓಟು ಹಾಕುವುದೆಂದಾಯಿತು, ಒಳಗೆ ಹೋದಾಗ ಯಾರಾದರೂ ಮನಸ್ಸು ಬದಲಿಸಬಹುದಲ್ಲ. ಚಾವಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಎರಡು ತೆಂಗಿನ ಗೆರಟೆ ಇಟ್ಟರು, ಬಾಗಿಲ ಬದಿಯದ್ದು ಗೋವಾಕ್ಕೆ, ಗೋಡೆಯ ಬದಿಯದ್ದು ಕೊಚ್ಚಿಗೆ. ನಾನು ಒಲೆಯ ಕೆಂಡದಲ್ಲಿ ಹಲಸಿನ ಬೀಜ ಸುಡುತ್ತಿದ್ದೆ. ಅದರಿಂದ ಒಬ್ಬೊಬ್ಬರು ಒಂದು ಬೀಜ ತೆಗೆದುಕೊಂಡು, ಬಿಸಿಗೆ ಕೈಯಿಂದ ಕೈಗೆ ಹಾರಿಸುತ್ತಾ ಒಳಗೆ ಹೋಗಿ ಬಂದರು. ಹೊರಗೆ ಮಳೆ ನಿಂತಿತ್ತು. ಕಡಲಿನ ಸದ್ದೂ ನಿಂತಿತ್ತು. ಅದು ನಿಲ್ಲುವುದಿಲ್ಲ, ಹುಟ್ಟಿದಾಗಿನಿಂದ ನಿಂತದ್ದನ್ನು ನಾನು ಕೇಳಿಲ್ಲ. ಕಿವಿಗೆ ಹತ್ತಿ ತುರುಕಿದ ಹಾಗಾಯಿತು.

ನಿತೇಶ ಗೆರಟೆಗಳನ್ನು ತಂದು ನೆಲಕ್ಕೆ ಸುರಿದ. ಗೋವಾದ್ದರಲ್ಲಿ ಎರಡು ಬೀಜ. ಕೊಚ್ಚಿಯದ್ದರಲ್ಲಿ ಮೂರು.

"ಯಾರು ಎರಡು ಹಾಕಿದ್ದು? ರಿಯಾಝ್, ನಿನ್ನದೇ ಕೆಲಸ," ಎಂದ ನಿತೇಶ.

"ಅಲ್ಲಾಹನಾಣೆ ಇಲ್ಲ ಮಾರಾಯ. ಒಂದು ಹಿಡಿದೇ ಕೈ ಸುಟ್ಟಿದೆ, ನೋಡು."

"ಅಜ್ಜಿ, ನೀವಾ?"

"ನಾನು ಒಲೆಯ ಎದುರಿನಿಂದ ಎದ್ದದ್ದು ಉಂಟಾ?" ಎಂದೆ.

ಸುಪ್ರೀತಾ ಒಂದು ಬೀಜ ಎತ್ತಿಕೊಂಡು ನೋಡಿದಳು. ನಾಲ್ಕು ಸುಟ್ಟ ಬೀಜ, ಸಿಪ್ಪೆ ಕಪ್ಪು. ಅವಳ ಕೈಯಲ್ಲಿದ್ದದ್ದು ಹಸಿ. ಮನೆಯಲ್ಲಿದ್ದ ಹಸಿ ಬೀಜವನ್ನೆಲ್ಲ ನಾನು ಆಗಲೇ ಕೆಂಡಕ್ಕೆ ಹಾಕಿದ್ದೆ. ಅದು ಒದ್ದೆಯಾಗಿತ್ತು. ಅದಕ್ಕೆ ಕಡಲ ಬದಿಯ ಹೊಯ್ಗೆ, ಸಣ್ಣ ಮರಳು, ಹತ್ತಿಕೊಂಡಿತ್ತು.

"ಛೀ, ತಣ್ಣಗುಂಟು," ಎಂದು ಅವಳು ಅದನ್ನು ಬಿಸಾಡಿ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಮಕ್ಕಳು ನಕ್ಕರು. ಐದನೆಯವ ಹೇಳಿದ ಮೇಲೆ ಕೊಚ್ಚಿಯೇ ಸರಿ ಎಂದರು. ಕಡಲಿನ ಸದ್ದು ತಿರುಗಿ ಶುರುವಾಯಿತು. ನಾನು ಕೆಂಡ ಕೆದಕುತ್ತಾ ಕೂತೆ. ತಲೆ ಎತ್ತಿ ಯಾರ ಮುಖವನ್ನೂ ನೋಡಲು ಆಗಲಿಲ್ಲ.

ಬೇಡ ಎನ್ನಬೇಕೆಂದು ಬಾಯಿಗೆ ಬಂದದ್ದನ್ನು ದಿನಾ ನುಂಗಿದೆ. ಮೊಮ್ಮಗಳು ಅಷ್ಟು ಖುಷಿಯಲ್ಲಿದ್ದಳು. ಆಮೇಲೆ ಒಂದು ಸಂಜೆ ನಾನು ಅಂಗಳದ ಮೂಲೆಯಲ್ಲಿ ಬಾಳೆಲೆ ಕೊಯ್ಯುವಾಗ ಅವಳು ಮೊಬೈಲು ಹಿಡಿದುಕೊಂಡು ಬಂದಳು.

"ಅಜ್ಜಿ, ನಿತೇಶ ಟಿಕೆಟು ಮಾಡ್ತಿದ್ದಾನೆ. ಎಲೆಯ ಲೆಕ್ಕದಲ್ಲಿ ಐದು ಜನ ಅಲ್ವಾ ಅಂತ ತಮಾಷೆ ಮಾಡ್ತಾನೆ. ಆ ಐದನೆಯ ಎಲೆಯದ್ದು ಎಂತ ಅಂತ ಕೇಳ್ತಾನೆ. ಎಂತ ಹೇಳುವುದು?"

ಬಾಯಿ ಸಣ್ಣ ಮಾಡಿ, ಅಮ್ಮ ಹೇಳುತ್ತಿದ್ದದ್ದನ್ನೇ ಹೇಳಿದೆ. "ಬರ್ಪೆ ಅಂತ ಹೇಳು."

ಅವಳು ಹಾಗೆಯೇ ಒತ್ತಿ ಕಳಿಸಿದಳು. "ಅಜ್ಜಿ ಹೇಳಿದ್ರು, ಬರ್ಪೆ." ಮೊಬೈಲಿಗೆ ಬಾಯಿಯ ಅಗಲ ಸಪೂರ ಗೊತ್ತುಂಟಾ? ನಿತೇಶ ಓದಿದ್ದು 'ನಾನು ಬರುತ್ತೇನೆ' ಎಂದು. ಪಾಪದ ಹುಡುಗ ಖುಷಿಯಾಗಿ ಉಡುಪಿಗೆ ವಸಂತಿಗೆ ಫೋನು ಮಾಡಿದ. ತನ್ನ ಅಮ್ಮ ಹಡಗು ಹತ್ತುತ್ತಾಳಂತೆ ಎಂದು, ಮನೆಯ ಕಟ್ಟನ್ನು ನಂಬದ ಅವಳೂ ಖುಷಿಯಾಗಿ ನನ್ನ ಆಧಾರ್ ಕಾರ್ಡಿನ ಫೋಟೋ ಕಳಿಸಿದಳು. ಮರುದಿನ ಬೆಳಿಗ್ಗೆ ನನ್ನ ಹೆಸರಿನ ಟಿಕೆಟು ಬಂದಿತ್ತು.

ಧನ್ಯಾ ಓದಿ ಹೇಳಿದಾಗ ನನಗೆ ನಗು ಬರಲಿಲ್ಲ. "ನಾನೂ ಇಲ್ಲ, ನೀನೂ ಇಲ್ಲ," ಎಂದೆ. "ಈ ಮನೆಯವರು ಕಡಲಿಗೆ ಹೋಗುವ ಹಾಗಿಲ್ಲ."

"ಯಾಕೆ?"

ಆಗ ಮೊದಲ ಸಲ ಅವಳಿಗೆ ಭೋಜನ ಕಥೆ ಹೇಳಿದೆ. ಅವಳು ಕಣ್ಣು ಮಿಟುಕಿಸದೆ ಕೇಳಿದಳು. ಆಮೇಲೆ ಕೇಳಿದಳು, "ಅಜ್ಜಿ, ಅವರು ಬರ್ತೇನೆ ಅಂದದ್ದು ನಿಮಗಾ?"

ಅದೆಂತ ಪ್ರಶ್ನೆ ಎಂದೆ. ನಮಗಲ್ಲದೆ ಮತ್ತೆ ಯಾರಿಗೆ? ಕಡಲಿನಲ್ಲಿ ಬೇರೆ ಯಾರಿದ್ದರು?

ಆದರೆ ಮುಳ್ಳು ಚುಚ್ಚಿತು. ಆ ದೋಣಿಯಲ್ಲಿದ್ದವರಲ್ಲಿ ಈಗ ಉಳಿದವರು ಒಬ್ಬರೇ, ರಿಯಾಝನ ಅಜ್ಜ ಹಸನಬ್ಬ. ರಿಯಾಝನನ್ನು ಕರೆದು, "ನಿನ್ನ ಅಜ್ಜನನ್ನು ನೋಡಬೇಕು," ಎಂದೆ. ಅವನ ಸ್ಕೂಟರಿನ ಹಿಂದೆ ಕೂತು ಉಚ್ಚಿಲಕ್ಕೆ ಹೋದೆ. ಹಸನಬ್ಬ ಜಗಲಿಯ ಬೆಂಚಿನಲ್ಲಿ ಬಿಳಿ ಟೊಪ್ಪಿ ಹಾಕಿ ಕೂತಿದ್ದರು. ಕಣ್ಣು ಮಂಜಾಗಿತ್ತು. ನನ್ನ ಹೆಜ್ಜೆಯ ಸದ್ದಿಗೆ ತಲೆ ಎತ್ತಿದರು.

"ಯಾರು?"

"ಎರ್ಮಾಳಿನ ಗಿರಿಜಾ, ಹಸನಣ್ಣ. ಭೋಜನ ತಂಗಿ."

ಅವರು ಚಾಯದ ಲೋಟವನ್ನು ಕೆಳಗಿಟ್ಟರು. "ಕೇಳಲಿಕ್ಕೆ ಇಷ್ಟು ವರ್ಷ ಬೇಕಾಯ್ತಾ?"

"ಅಂದು ಎಂತ ಆಯ್ತು?"

"ನಿನ್ನ ಅಮ್ಮ ನಮ್ಮಲ್ಲಿ ಒಂದೇ ಕೇಳಿದ್ದು. ಅವನು ಬರ್ಪೆ ಅಂದದ್ದು ಹೌದಾ ಅಂತ. ಹೌದು ಅಂದೆವು. ಅದು ಸುಳ್ಳಲ್ಲ. ಮುಂದೆ ಹೇಳಲಿಕ್ಕೆ ಅವಳು ಬಿಡಲಿಲ್ಲ."

"ಈಗ ಹೇಳಿ."

"ಅವನ ಬೆನ್ನು ನಿಮ್ಮ ಕಡೆಗಿತ್ತು ಗಿರಿಜಾ."

ಒಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ಆ ಸದ್ದು ಕೂಡ ನನಗೆ ದೂರ ಹೋಯಿತು.

"ನಾವು ನಗಾಡ್ತಾ ಇದ್ದೆವು," ಎಂದರು ಹಸನಬ್ಬ. "ಯಾರೋ ಕರೆದ ಹಾಗೆ ಅವನು ತಲೆ ಎತ್ತಿದ. ನಮಗೆ ಎಂತದೂ ಕೇಳಲಿಲ್ಲ. ದೋಣಿಯ ಮೂತಿಗೆ ಹೋಗಿ ನಿಂತ, ಮುಖ ಪಡುವಣಕ್ಕೆ. ಬರ್ಪೆ ಅಂದ. ಆಮೇಲೆ ಮನೆಯ ಮೆಟ್ಟಿಲು ಇಳಿದು ಅಂಗಳಕ್ಕೆ ಹೋಗ್ತಾರಲ್ಲ, ಹಾಗೆ ಇಳಿದ. ನೀರು ಸದ್ದು ಮಾಡಲಿಲ್ಲ."

ರಿಯಾಝ್ ಕಂಬಕ್ಕೆ ಒರಗಿ ನಿಂತಿದ್ದ.

"ನಿಮ್ಮ ಹುಡುಗನನ್ನು ಕಳಿಸ್ತೀರಾ ಹಡಗಿಗೆ?" ಎಂದೆ.

"ಬೇಡ ಅಂದರೆ ಕೇಳುವ ಪ್ರಾಯವಾ ಇದು? ನಾವು ಕೇಳಿದೆವಾ? ಯಾರಾದರೂ ಕರೆದರೆ ಓಗೊಡಬೇಡ ಅಂತ ಹೇಳಿ ಕಳಿಸ್ತೇನೆ."

ಬರುವ ದಾರಿಯಿಡೀ ಯೋಚಿಸಿದೆ. ಧನ್ಯಾಳನ್ನು ಕಟ್ಟಿಹಾಕಿದರೆ ಇವತ್ತಲ್ಲ ನಾಳೆ ಬೇರೆ ಯಾವುದಾದರೂ ಹಡಗು ಹತ್ತುತ್ತಾಳೆ, ನಾನಿಲ್ಲದ ಕಾಲದಲ್ಲಿ. ಆ ನೀರಿನ ಮೇಲೆ ಅವಳನ್ನು ಯಾರಾದರೂ ಕರೆಯುವುದಾದರೆ, ಬದಿಯಲ್ಲಿ ನಾನು ಇರಬೇಕು. ಟಿಕೆಟು ಹೇಗೂ ಬಂದಿತ್ತು. ಮನೆಗೆ ಬಂದು ಬಾಯಿ ಅಗಲ ಮಾಡಿ ಹೇಳಿದೆ, "ಬರ್ಪೆ." ಮೊಮ್ಮಗಳು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು.

ದೀಪಾವಳಿ ಕಳೆದ ಮೇಲೆ ಹೊರಟೆವು. ಮುಂಬಯಿ ಬಂದರಿನ ಧಕ್ಕೆಯಲ್ಲಿ ಆ ಹಡಗನ್ನು ನೋಡಿ ಉಡುಪಿಯ ಬಸ್ ನಿಲ್ದಾಣವನ್ನೇ ಎತ್ತಿ ನೀರಿನಲ್ಲಿ ಇಟ್ಟಿದ್ದಾರೋ ಎನಿಸಿತು. ಮೊದಲ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ನಿತೇಶ ಅದರ ವಿಡಿಯೋ ತೆಗೆದ. ನನ್ನ ಊರಿನವರಿಗೆಲ್ಲ ಕಳಿಸಿದ್ದಾನೆ, ಹಾಳಾದವನು. ಸುಪ್ರೀತಾ ಸೂರ್ಯನ ಮೇಲೆ ಒಂದು ಕಣ್ಣು, ಬಟ್ಟಲಿನ ಮೇಲೆ ಒಂದು ಕಣ್ಣು ಇಟ್ಟು ಉಂಡಳು. ಅವಳು ಕೇಳಿಕೊಂಡದ್ದಕ್ಕೆ ಅಡುಗೆಯವರು ಬೇಗ ಕೊಟ್ಟಿದ್ದರು. ಕಿಟಕಿಯ ಕೋಣೆಯಲ್ಲಿ ಧನ್ಯಾ, ಸುಪ್ರೀತಾ, ನಾನು. ಮಲಗುವ ಮೊದಲು ಧನ್ಯಾಳ ಕೈಗೆ ನನ್ನ ಸೀರೆಯ ಸೆರಗು ಕಟ್ಟಿದೆ. ಬಲೆಯ ಗಂಟು, ಗೊತ್ತಿಲ್ಲದವರಿಗೆ ಬಿಚ್ಚಲು ಬಾರದು. ಅಮ್ಮನಿಗೆ ಬರುತ್ತಿತ್ತು, ಭೋಜನಿಗೆ ಬರುತ್ತಿತ್ತು, ನನಗೆ ಬರುತ್ತದೆ.

"ಅಜ್ಜಿ, ನಾನು ಆಡಿನ ಮರಿಯಾ?" ಎಂದು ನಕ್ಕು ಮಲಗಿದಳು.

ಬೆಳಕು ಹರಿಯುವಾಗ ಎಚ್ಚರವಾಯಿತು. ಸೆರಗು ನನ್ನ ಎದೆಯ ಮೇಲೆ ಇತ್ತು. ಗಂಟು ಹರಿದಿರಲಿಲ್ಲ, ಜಗ್ಗಿರಲಿಲ್ಲ. ಬಿಚ್ಚಿತ್ತು. ಧನ್ಯಾಳ ಹಾಸಿಗೆ ಖಾಲಿ.

ಬರಿಗಾಲಿನಲ್ಲಿ ಓಡಿದೆ. ಮೇಲಿನ ಮಾಳಿಗೆಯಲ್ಲಿ ಬಿಳಿ ಮಂಜು. ಕಡಲು ಕಾಣುತ್ತಿರಲಿಲ್ಲ, ಆಕಾಶ ಕಾಣುತ್ತಿರಲಿಲ್ಲ. ನೆಲ ಕಾಲಡಿಯಲ್ಲಿ ಮೆಲ್ಲಗೆ ನಡುಗುತ್ತಿತ್ತು, ಅಷ್ಟೇ. ಬಾಗಿಲ ಬಳಿ ನಿತೇಶ ಮೊಬೈಲು ಹಿಡಿದು ನಿಂತಿದ್ದ. "ಅಜ್ಜಿ, ನಾವೀಗ ಎಲ್ಲಿದ್ದೇವೆ ಗೊತ್ತುಂಟಾ? ಈ ಚುಕ್ಕೆ ನೋಡಿ. ಇಲ್ಲಿಂದ ನೇರ ಮೂಡಣಕ್ಕೆ ಹೋದರೆ ನಿಮ್ಮ ಮನೆಯ ಅಂಗಳ," ಎಂದ. ನಾನು ಅವನನ್ನು ದೂಡಿಕೊಂಡು ದಾಟಿದೆ.

ಧನ್ಯಾ ಕಂಬಿ ಹಿಡಿದು ನಿಂತಿದ್ದಳು. ಮುಖ ಪಡುವಣಕ್ಕೆ. ಬೆನ್ನು ನನ್ನ ಕಡೆಗೆ. ಯಾರೋ ಕರೆದ ಹಾಗೆ ತಲೆ ಎತ್ತಿದಳು. ನನಗೆ ಎಂತದೂ ಕೇಳಲಿಲ್ಲ. ಬಾಯಿ ಅಗಲ ಮಾಡಿ, ಮನೆಯೊಳಗಿನಿಂದ ಯಾರಿಗೋ ಓಗೊಡುವ ಹಾಗೆ, "ಬರ್ಪೆ" ಎಂದಳು. ಒಂದು ಕಾಲನ್ನು ಕಂಬಿಯ ಕೆಳಗಿನ ಸರಳಿನ ಮೇಲೆ ಇಟ್ಟಳು.

ನನ್ನ ಪ್ರಾಯದವರಿಗೆ ಅಷ್ಟು ಬಲ ಎಲ್ಲಿಂದ ಬರುತ್ತದೋ. ಎರಡೂ ಕೈಯಿಂದ ಅವಳ ಸೊಂಟ ಅಪ್ಪಿ ಹಿಂದಕ್ಕೆ ಎಳೆದೆ. ಅವಳ ಮೈ ಆ ಬೀಜದ ಹಾಗೆ ತಣ್ಣಗಿತ್ತು.

"ಎಂತ ಅಜ್ಜಿ? ನೀವೇ ಅಲ್ವಾ ಕರೆದದ್ದು?"

"ನಾನು ಹಿಂದೆ ಇದ್ದೆ ಮಗಾ."

ಅವಳು ಮಂಜನ್ನು ನೋಡಿದಳು, ನನ್ನನ್ನು ನೋಡಿದಳು. ತುಟಿ ಬಿಳಿಚಿತು. ಅವಳನ್ನು ತಿರುಗಿಸಿ, ಮುಖವನ್ನು ಮೂಡಣಕ್ಕೆ, ನಮ್ಮ ಮನೆಯ ಕಡೆಗೆ ಮಾಡಿ ನಿಲ್ಲಿಸಿದೆ. ಆಡಿದ ಮಾತು ನೀರಿನ ಮೇಲೆ ಬಿದ್ದಾಗಿತ್ತು. ಅದನ್ನು ಹಿಂದೆ ತೆಗೆಯಲು ಬರುವುದಿಲ್ಲ. ಆದರೆ ಸರಿ ಮಾಡಬಹುದಲ್ಲ. ನಾನು ಕಂಬಿ ಹಿಡಿದು, ಬಾಯಿ ಸಣ್ಣ ಮಾಡಿ, ಅದೇ ಮಾತನ್ನು ಹೇಳಿದೆ. "ಬರ್ಪೆ." ಅವಳಲ್ಲ ಬರುವುದು. ಅವನು ಬರುತ್ತಾನೆ, ನಮ್ಮ ಮನೆಗೆ.

ಹಾಗೆ ಹೇಳಿದ ಮೇಲೆ ಹೊಳೆಯಿತು. ಅಮ್ಮನ ಆಯುಷ್ಯವಿಡೀ, ನನ್ನ ಆಯುಷ್ಯವಿಡೀ, ಅವನು ಬರುತ್ತಾನೆ ಬರುತ್ತಾನೆ ಎಂದು ಕಾದೆವು. ಯಾರೂ ಅವನನ್ನು ಕರೆದಿರಲಿಲ್ಲ. ಅಂದು ಕಡಲು ಕರೆಯಿತು, ಅವನು ಹೋದ. ನಾವು ಎಲೆ ಹಾಕಿ ಸುಮ್ಮನೆ ಕೂತೆವು.

"ಭೋಜಾ," ಎಂದು ಕೂಗಿದೆ. "ಬಲ." ಬಾ ಎಂದು. "ಅಮ್ಮ ಬಡಿಸಿ ಇಟ್ಟಿದ್ದಾಳೆ. ಅನ್ನ ತಣಿಯಿತು. ಬಲ."

ಸ್ವರ ಮಂಜಿನೊಳಗೆ ಹೋಯಿತು. ಹಡಗಿನ ನಡುಕವೂ ನಿಂತ ಹಾಗಾಯಿತು. ಆಮೇಲೆ ನನ್ನ ಹಿಂದೆ, ಮರದ ನೆಲದ ಮೇಲೆ, ಒದ್ದೆ ಕಾಲಿನ ಸದ್ದು. ಪಚ, ಪಚ. ಬಂದು ನಿಂತಿತು. ಹಡಗಿನವರು ನೆಲ ತೊಳೆಯಲು ಬಂದಿದ್ದರೋ ಏನೋ.

"ತಿರುಗಿ ನೋಡಬೇಡ," ಎಂದೆ ಧನ್ಯಾಳಿಗೆ. ನಮ್ಮಲ್ಲಿ ತೀರಿಹೋದ ಹಿರಿಯರನ್ನು ಮನೆಗೆ ಕರೆದುಕೊಂಡು ಬರುವಾಗ ತಿರುಗಿ ನೋಡುವ ಕ್ರಮ ಇಲ್ಲ.

ಕೊಚ್ಚಿಯಲ್ಲಿ ಇಳಿದು ರೈಲು ಹತ್ತಿದೆವು. ಬಾಗಿಲಲ್ಲಿ ಜನ ನೇತಾಡುವಷ್ಟು ತುಂಬಿದ ರೈಲು. ನನ್ನ ಬದಿಯ ಸೀಟಿನಲ್ಲಿ ಮಾತ್ರ ಯಾರೂ ಕೂರಲಿಲ್ಲ. ಬರುತ್ತಿದ್ದರು, ಕೂರಲು ಬಗ್ಗುತ್ತಿದ್ದರು, ಸೀಟನ್ನೊಮ್ಮೆ ನೋಡಿ ಮುಂದೆ ಹೋಗುತ್ತಿದ್ದರು. "ಜನ ಇದ್ದಾರಾ?" ಎಂದು ಒಬ್ಬ ಹೆಂಗಸು ಕೇಳಿದಳು. ಇದ್ದಾರೆ ಎಂದೆ. ರಿಯಾಝ್ ನನ್ನ ಮುಖ ನೋಡಿದ, ಬಾಗಿಲಿಗೆ ಹೋಗಿ ನಿಂತ. ಪಡುಬಿದ್ರಿಯಲ್ಲಿ ಇಳಿಯುವವರೆಗೂ ನಾನು ಹಿಂದೆ ತಿರುಗಲಿಲ್ಲ, ಕುತ್ತಿಗೆ ಮರದ ಹಾಗಾಗಿತ್ತು.

ಮನೆಗೆ ಬಂದು ಮಿಂದು ಅನ್ನ ಬೇಯಿಸಿದೆ. ಬೂತಾಯಿ ಮೀನಿನ ಸಾರು, ಸುಪ್ರೀತಾಳಿಗೆ ಬೇರೆ ಪಾತ್ರೆಯಲ್ಲಿ ಹೆಸರುಕಾಳಿನ ಗಸಿ. ಮಧ್ಯಾಹ್ನದ ಬಿಸಿಲು ಚಾವಡಿಯವರೆಗೆ ಬಂದಿತ್ತು. ನಾಲ್ಕು ಎಲೆ ಹಾಕಿದೆ, ತುದಿಗೆ ಐದನೆಯದು, ಕುಡಿ ಇದ್ದದ್ದು. ಎಲ್ಲರಿಗೂ ಬಡಿಸಿ ಅದಕ್ಕೂ ಬಡಿಸಿದೆ. ಲೋಟದಲ್ಲಿ ನೀರು ಇಟ್ಟೆ. ಮಕ್ಕಳು ಹಡಗಿನ ಮಾತೇ ಆಡುತ್ತಾ ಉಂಡು, ಕೈತೊಳೆಯಲು ಬಾವಿಕಟ್ಟೆಗೆ ಹೋದರು. ಅಲ್ಲಿಂದ ಅವರ ನಗು ಕೇಳುತ್ತಿತ್ತು. ಯಾವತ್ತಿನ ಹಾಗೆ ನಾನು ಆ ಎಲೆಯ ಎದುರು ಕೂತು ಅನ್ನಕ್ಕೆ ಕೈ ಹಾಕಿದೆ.

ಬೆರಳು ಸುಟ್ಟಿತು. ಅನ್ನ ಬಿಸಿ ಇತ್ತು. ಆ ಎಲೆಯಲ್ಲಿ ನಾನು ಬಿಸಿ ಅನ್ನ ಮುಟ್ಟಿದ್ದು ಅದೇ ಮೊದಲು. ಊದಿ ಒಂದು ತುತ್ತು ಬಾಯಿಗಿಟ್ಟೆ.

ಆಮೇಲೆ ಕಂಡಿತು. ಎಲೆಯ ಕುಡಿ ಇರಲಿಲ್ಲ, ಯಾರೋ ಹರಿದಿದ್ದರು. ಹರಿದ ಅಂಚಿನಲ್ಲಿ ಇನ್ನೂ ಸೊನೆ ಜಿನುಗುತ್ತಿತ್ತು. ಭೋಜನಿಗೆ ಒಂದು ಕೆಟ್ಟ ಅಭ್ಯಾಸ ಇತ್ತು. ಊಟಕ್ಕೆ ಕೂತ ಕೂಡಲೇ ಎಲೆಯ ಕುಡಿ ಹರಿದು, ಮಡಚಿ, ಸಣ್ಣ ದೋಣಿ ಮಾಡಿ ಕುಡಿಯುವ ನೀರಿನಲ್ಲಿ ಬಿಡುವುದು. ಅಮ್ಮನಿಂದ ದಿನಾ ಬೈಗುಳ ತಿನ್ನುತ್ತಿದ್ದ. ಇದನ್ನು ನಾನು ಮಕ್ಕಳಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಲೋಟದ ನೀರಿನಲ್ಲಿ ಒಂದು ಹಸಿರು ದೋಣಿ ಮೆಲ್ಲಗೆ ತಿರುಗುತ್ತಿತ್ತು. ಅದರ ಮೂತಿ ಪಡುವಣಕ್ಕೆ ಬಂತು, ಮತ್ತೂ ತಿರುಗಿ ಮೂಡಣಕ್ಕೆ, ನನ್ನ ಕಡೆಗೆ ಬಂದು ನಿಂತಿತು.

ನನಗೆ ಅಳು ಬಂತು, ನಗುವೂ ಬಂತು, ಬಾಯಲ್ಲಿ ಅನ್ನ ಇತ್ತು. ಅಮ್ಮ ಇದ್ದಿದ್ದರೆ ಬೈಯುತ್ತಿದ್ದಳು. ಅವಳ ಪರವಾಗಿ ನಾನೇ ಬೈದೆ. "ಕುಡಿ ಹರಿಯಬೇಡ ಅಂತ ಎಷ್ಟು ಸಲ ಹೇಳುವುದು ನಿನಗೆ?"